ಉಪ್ಪಿನಕಾಯಿ ಜಾಡಿಯಲ್ಲಿ ಹೋದ ಗಡ್ಡೆ

ಹುಬ್ಬಳ್ಳಿಯ ಕ್ಯಾನ್ಸರ್ ಡಾಕ್ಟರು ನನ್ನ ಅಕ್ಕನನ್ನು ಎರಡು ಪ್ರಶ್ನೆ ಕೇಳಿದರು. ಎರಡಕ್ಕೂ ಉತ್ತರ ಕೊಟ್ಟವನು ನಾನು. ಮೊದಲನೆಯದು, ಹದಿನಾಲ್ಕು ವರ್ಷದ ಹಿಂದೆ ಆಪರೇಶನ್ ಆಗುವುದಕ್ಕೆ ಮುಂಚೆ ಎಷ್ಟು ತಿಂಗಳು ರಕ್ತಸ್ರಾವ ಇತ್ತು. ಎರಡನೆಯದು, ಆಗ ತೆಗೆದ ಗಡ್ಡೆ ಇಡಿಯಾಗಿ ಹೊರಬಂದಿತ್ತೋ, ಹೊಟ್ಟೆಯೊಳಗೇ ಒಡೆದಿತ್ತೋ.

"ಎಂಟು ತಿಂಗಳು," ಅಂದೆ. "ಗಡ್ಡೆ ಇಡಿಯಾಗಿತ್ತು. ನಾನೇ ಕಣ್ಣಾರೆ ನೋಡಿದ್ದೇನೆ."

ಡಾಕ್ಟರು, ನಲವತ್ತರ ಆಸುಪಾಸಿನ ಚುರುಕು ಹೆಂಗಸು, ಎರಡನ್ನೂ ಕಂಪ್ಯೂಟರಿನಲ್ಲಿ ಟೈಪು ಮಾಡಿಕೊಂಡರು. ಅಕ್ಕ ನನ್ನ ಮುಖ ನೋಡಿದಳು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಮನೆ ಸಿದ್ದಾಪುರ ತಾಲೂಕಿನ ತ್ಯಾಗಲಿಯ ಹತ್ತಿರ. ಮುಟ್ಟು ನಿಂತು ಎರಡು ವರ್ಷವಾದ ಮೇಲೆ, ಐವತ್ತೆರಡನೇ ವಯಸ್ಸಿನಲ್ಲಿ, ಅವಳಿಗೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ಶಿರಸಿಯಲ್ಲಿ ಸ್ಕ್ಯಾನ್ ಮಾಡಿದಾಗ ಎಡಗಡೆಯ ಅಂಡಾಶಯದಲ್ಲಿ ಗಡ್ಡೆ ಸಿಕ್ಕಿತು. ಅಲ್ಲಿಯೇ ಒಂದು ಸಣ್ಣ ಆಸ್ಪತ್ರೆಯಲ್ಲಿ ತೆಗೆದರು. ಗ್ರಾನುಲೋಸಾ ಎಂಬ ಜೀವಕೋಶದ ಅಪರೂಪದ ಕ್ಯಾನ್ಸರ್ ಎಂದು ಲ್ಯಾಬಿನಿಂದ ವರದಿ ಬಂತು. ಐದು ವರ್ಷ ತಪಾಸಣೆ ಮಾಡಿಸಿದೆವು, ಏನೂ ಇರಲಿಲ್ಲ, ನಿಲ್ಲಿಸಿದೆವು. ಈ ವರ್ಷ ಸೊಂಟನೋವೆಂದು ಮತ್ತೆ ಸ್ಕ್ಯಾನ್ ಮಾಡಿಸಿದರೆ ಕೆಳಹೊಟ್ಟೆಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡದೊಂದು ಗಂಟು. ಹಳೆಯ ಕಾಗದಗಳನ್ನು ಹುಡುಕಲು ಅಟ್ಟ ಹತ್ತಿದಾಗ ಗೆದ್ದಲು ಅವನ್ನು ಮೊದಲೇ ಓದಿ ಮುಗಿಸಿತ್ತು. ಹಾಗಾಗಿ ಡಾಕ್ಟರ ಮುಂದೆ ಇಡಲು ನಮ್ಮಲ್ಲಿ ಉಳಿದಿದ್ದು ನೆನಪು ಮಾತ್ರ.

"ಬ್ಯಾರೆ ಕ್ಯಾನ್ಸರ್ ತಿರುಗಿ ಬರೂದಾದ್ರ ಲಗೂನ ಬರ್ತಾವ್ರೀ," ಅಂದಿದ್ದರು ಡಾಕ್ಟರು. "ಇದು ಹಂಗಲ್ಲ. ಹತ್ತು ವರ್ಷ, ಇಪ್ಪತ್ತು ವರ್ಷ ಸುಮ್ಮನ ಮಲಗಿರ್ತದ. ಇದು ಮರೆಯಂಗಿಲ್ಲ, ನಾವು ಮರೀತೀವಿ. ಮೊದಲನೇ ಸಲ ಒಡೆದಿತ್ತು ಅಂದ್ರ ಅದರ ಬೀಜ ಹೊಟ್ಟೀ ತುಂಬ ಬಿದ್ದಿರಬಹುದು. ಇಡೀದಾಗಿ ಬಂದಿತ್ತಂದ್ರ ನನಗ ಸ್ವಲ್ಪ ಧೈರ್ಯ."

ನಾನು ಆ ಧೈರ್ಯ ಕೊಟ್ಟು ಎದ್ದು ಬಂದಿದ್ದೆ.

ವಾಪಸು ಬರುವಾಗ ಯಲ್ಲಾಪುರದಲ್ಲಿ ಕಾರು ನಿಲ್ಲಿಸಿ ಚಹಾಕ್ಕೆ ಕೂತೆವು. ಅಕ್ಕ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ಹವ್ಯಕ ಮಾತಿನಲ್ಲಿ ಕೇಳಿದಳು.

"ಎಂಟು ತಿಂಗಳು ಹೇಳಿ ಎಲ್ಲಿಂದ ತಂದ್ಯೋ ತಮಾ?"

"ಅಷ್ಟಾಗಿತ್ತಲೇ ಅಕ್ಕಾ. ಹೊರಗೆ ಕೂರವು ಹೇಳಿ ನೀನೇ ಮುಚ್ಚಿಟ್ಟಿದ್ದೆ."

"ಮುಚ್ಚಿಡಲೆ ಅದೆಂತ ಬೆಲ್ಲವಾ? ಮೂರು ತಿಂಗಳಲ್ಲಿ ಮೂರೇ ಸಲ. ಮೊದಲನೇದು ಕೆಳಗಿನ ಮನೆ ಉಪನಯನದಲ್ಲಿ. ಎಲ್ಲರಿಗೂ ಹೋಳಿಗೆ ಬಡಿಸವು ಹೇಳಿ ಸೀರೆ ಉಟ್ಟಾಗಿತ್ತು, ಉಟ್ಟ ಸೀರೆಲೇ ಹೊರಗೆ ಕೂತಿ. ಎರಡನೇದು ಅತ್ತೆ ಶ್ರಾದ್ಧದ ಹಿಂದಿನ ದಿನ. ಮೂರನೇದು ಗೌರಿ ಹಬ್ಬಕ್ಕೆ. ಅಡಿಗೆ ಮಾಡಿ ಮಾಡಿ ನಿನ್ನ ಭಾವಂಗೆ ಸಾಕಾಗಿ, ಇದೆಂತ ನೋಡ್ಸನ ಬಾ ಹೇಳಿ ಅವ್ರೇ ಶಿರಸಿಗೆ ಕರ್ಕಂಡು ಹೋದ್ರು."

ಅವರ ಮನೆಯಲ್ಲಿ ಮುಟ್ಟಾದವರು ಮೂರು ದಿನ ಅಡಿಗೆಮನೆಗೆ ಬರುವಂತಿರಲಿಲ್ಲ, ಹಿಂದಿನ ಜಗಲಿಯಲ್ಲಿ ಬೇರೆ ಕೂರಬೇಕಿತ್ತು. ಈ ಪದ್ಧತಿಯ ಮೇಲೆ ನನಗೆ ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದ ಕಾಲದಿಂದಲೂ ಸಿಟ್ಟು. ಅಕ್ಕ ಅದಕ್ಕೆ ಹೆದರಿ ಎಂಟು ತಿಂಗಳು ಕಾಯಿಲೆ ಮುಚ್ಚಿಟ್ಟಳು ಎಂದು ಎಷ್ಟು ಕಡೆ ಹೇಳಿಲ್ಲ! ಶಿರಸಿಯ ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಒಂದೆರಡು ಸಲ ಹೇಳಿದ್ದೇನೆ. ಈಗ ನೋಡಿದರೆ ಅಕ್ಕ ಅದನ್ನು ಮುಚ್ಚಿಡಲು ಸಾಧ್ಯವೇ ಇರಲಿಲ್ಲ. ಅವಳು ಜಗಲಿಗೆ ಹೋದ ಮೊದಲ ದಿನವೇ ಇಡೀ ಮನೆಗೆ, ಬಹುಶಃ ಇಡೀ ಕೇರಿಗೆ ಗೊತ್ತಾಗಿತ್ತು. ಪದ್ಧತಿ ಒಳ್ಳೆಯದೆಂದು ನಾನು ಇವತ್ತೂ ಹೇಳುವುದಿಲ್ಲ. ಆದರೆ ನನ್ನ ಎಂಟು ತಿಂಗಳನ್ನು ಯಾರೂ ನನಗೆ ಹೇಳಿರಲಿಲ್ಲ. ನನ್ನ ವಾದಕ್ಕೆ ಬೇಕಿತ್ತು, ನಾನು ಬೆಳೆಸಿದ್ದೆ.

"ಇಡಿಯಾಗಿ ಇತ್ತು ಹೇಳಿದ್ದೂ ಹಿಂಗೇಯನಾ?" ಎಂದಳು ಅಕ್ಕ.

ನಾನು ಎದ್ದು ಚಹಾದ ದುಡ್ಡು ಕೊಡಲು ಹೋದೆ.

ಶಸ್ತ್ರಚಿಕಿತ್ಸೆಗೆ ಇನ್ನೂ ಮೂರು ವಾರ ಇತ್ತು. ಆ ದಿನಗಳಲ್ಲಿ ಈ ಕ್ಯಾನ್ಸರಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಯಾರು ಹೆಚ್ಚು ಕಾಲ ಬದುಕುತ್ತಾರೆ, ಯಾವುದರಿಂದ ಬದುಕುತ್ತಾರೆ ಎಂಬುದು ಎಲ್ಲ ಲೇಖನಗಳ ಪ್ರಶ್ನೆ. ಎಲ್ಲರೂ ಒಪ್ಪುವ ಮೊದಲ ಮಾತು, ಪತ್ತೆಯಾದಾಗ ಅದು ಅಂಡಾಶಯದೊಳಗೇ ಇತ್ತೋ, ದಾಟಿ ಹೋಗಿತ್ತೋ ಎಂಬುದು. ತೆಗೆದಾಗ ಏನಾದರೂ ಉಳಿಯಿತೋ ಎಂಬುದು ಆಮೇಲೆ. ಗಡ್ಡೆಯ ಗಾತ್ರ, ಹೆಂಗಸಿನ ವಯಸ್ಸು, ಜೀವಕೋಶಗಳು ಎಷ್ಟು ಬೇಗ ಒಡೆದು ಎರಡಾಗುತ್ತಿದ್ದವು ಎಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಗಡ್ಡೆಯ ಹೊದಿಕೆ ಹರಿದಿತ್ತೋ ಇಲ್ಲವೋ ಎಂಬುದನ್ನು ಮಾತ್ರ ಹೆಚ್ಚಿನವರು ಕೇಳುತ್ತಾರೆ.

ಅಪರೂಪದ ಕಾಯಿಲೆಯಾದ್ದರಿಂದ ಒಂದು ಊರಿನಲ್ಲಿ ಸಾಕಷ್ಟು ರೋಗಿಗಳು ಸಿಗುವುದಿಲ್ಲ. ಹಳೆಯ ಕಡತಗಳನ್ನು ಹಲವು ಆಸ್ಪತ್ರೆಗಳಿಂದ ಒಟ್ಟುಮಾಡಿ ಕೋಷ್ಟಕ ಮಾಡುತ್ತಾರೆ. ಆ ಕೋಷ್ಟಕಗಳಲ್ಲಿ ನನ್ನ ಕಣ್ಣು ಒಂದು ಸಾಲಿನ ಮೇಲೆ ಮತ್ತೆ ಮತ್ತೆ ನಿಲ್ಲುತ್ತಿತ್ತು. ಹೊದಿಕೆ ಹರಿದಿತ್ತು, ಹರಿದಿರಲಿಲ್ಲ, ಇವುಗಳ ಕೆಳಗೆ ಮೂರನೆಯ ಸಾಲು: ತಿಳಿದಿಲ್ಲ. ಮೂವತ್ತು ವರ್ಷ ಪಾಠ ಮಾಡುವಾಗ ಆ ಸಾಲನ್ನು ಲೆಕ್ಕದಿಂದ ಬಿಟ್ಟುಬಿಡಿ ಎಂದು ಹೇಳಿಕೊಟ್ಟವನು ನಾನೇ. ಅದರ ಹಿಂದೆ ಎಂಥವರಿರುತ್ತಾರೆ ಎಂಬ ಕುತೂಹಲ ಆಗ ಬಂದಿರಲಿಲ್ಲ. ಅದಕ್ಕಿಂತ ಹೆಚ್ಚಿನ ಸಂಶಯ ಈಗ ಮೊದಲೆರಡು ಸಾಲುಗಳ ಮೇಲೆ. ಅಲ್ಲಿಯೂ ಯಾರೋ ಒಬ್ಬ ತಮ್ಮ ಡಾಕ್ಟರ ಮುಂದೆ ಕೂತು "ಕಣ್ಣಾರೆ ನೋಡಿದ್ದೇನೆ" ಅಂದಿರಬಹುದಲ್ಲ?

ನನ್ನ ನೆನಪಿನ ಚಿತ್ರ ಸ್ಪಷ್ಟವಾಗಿತ್ತು. ಆಪರೇಶನ್ ಕೋಣೆಯ ಬಾಗಿಲು ಅರ್ಧ ತೆರೆಯುತ್ತದೆ. ನರ್ಸಮ್ಮ ಒಂದು ಟ್ರೇ ಹಿಡಿದು ನಿಂತಿದ್ದಾರೆ. ಟ್ರೇಯಲ್ಲಿ ಸಣ್ಣ ತೆಂಗಿನಕಾಯಿಯಷ್ಟು ದೊಡ್ಡದಾದ, ಹಳದಿ ಮಿಶ್ರಿತ ಬೂದು ಬಣ್ಣದ, ನುಣುಪಾದ ಗಡ್ಡೆ. ಎಷ್ಟು ಸ್ಪಷ್ಟ ಎಂದರೆ, ನನಗೆ ಅದರ ಮೇಲೆ ಅನುಮಾನ ಬಂದಿದ್ದೇ ಅದಕ್ಕೆ.

ಮೊದಲು ಭಾವನನ್ನು ಕೇಳಿದೆ. ಅವರು ಅಂಗಳದಲ್ಲಿ ಕೂತು ಕಾಳುಮೆಣಸು ಆರಿಸುತ್ತಿದ್ದರು.

"ಆಪರೇಶನ್ ದಿನ ಗಡ್ಡೆ ತೋರ್ಸಲೆ ಕರದ್ದು ಯಾರನ್ನ ಭಾವಾ? ನಿಂಗಳನ್ನೋ ಯನ್ನನ್ನೋ?"

"ಕರದ್ದು ಯನ್ನನ್ನೇಯ. ಬಾಗಿಲ ಹತ್ರ ಹೋದ್ನ ಇಲ್ಯ, ಔಷಧಿ ವಾಸನೆ ಬಡಿದು ತಲೆ ತಿರುಗ್ತು. ಬೆಂಚಿನ ಮೇಲೆ ಬಿದ್ಕಂಡಿದ್ದಿ. ಆನು ಎಂತದೂ ನೋಡಿದ್ನಿಲ್ಲೆ. ನೀನೇ ಬಂದು ಹೇಳಿದ್ದು, ತೆಂಗಿನಕಾಯಿ ಹಂಗೆ ಇದ್ದು ಹೇಳಿ."

"ಇಡೀ ಇದ್ದು ಹೇಳಿದ್ನಾ?"

"ತೆಂಗಿನಕಾಯಿ ಹೇಳಿದ್ರೆ ಇಡೀದೇ ಅಲ್ದಾ? ಒಡೆದಿದ್ರೆ ಕಾಯಿಕಡಿ ಹೇಳ್ತಿದ್ದೆ." ಭಾವ ತಮ್ಮ ತರ್ಕಕ್ಕೆ ತಾವೇ ಮೆಚ್ಚಿ ನಕ್ಕರು. ಆಮೇಲೆ ಮುಖ ಸಪ್ಪೆ ಮಾಡಿದರು. "ಒಂದು ಚೊಲೋ ಜಾಡಿ ಹೋತು ನೋಡು ಅವತ್ತು. ಅಪ್ಪೆಮಿಡಿ ಜಾಡಿ. ನಿನ್ನ ಅಕ್ಕ ಇನ್ನೂ ಹೇಳ್ತು."

ಆ ಜಾಡಿಯ ಕತೆ ನಮ್ಮ ನೆಂಟರಲ್ಲಿ ಎಲ್ಲರಿಗೂ ಗೊತ್ತು. ನಾನೇ ಹೇಳಿ ಹೇಳಿ ಹಳತು ಮಾಡಿದ್ದೇನೆ. ಆಗ ಶಿರಸಿಯ ಆ ಆಸ್ಪತ್ರೆಯಲ್ಲಿ ಲ್ಯಾಬು ಇರಲಿಲ್ಲ. ತೆಗೆದ ಗಡ್ಡೆಯನ್ನು ರೋಗಿಯ ಕಡೆಯವರೇ ಹುಬ್ಬಳ್ಳಿಗೆ ಒಯ್ದು ಕೊಟ್ಟು ಬರಬೇಕಿತ್ತು. ಅವರ ಹತ್ತಿರ ಇದ್ದ ಡಬ್ಬಿಗಳು ಚಿಕ್ಕವು, ದೊಡ್ಡದೊಂದು ತನ್ನಿ ಅಂದರು. ಗಂಜಿಗೆಂದು ಮನೆಯಿಂದ ತಂದಿದ್ದ ಮಿಡಿ ಉಪ್ಪಿನಕಾಯಿಯ ಪ್ಲಾಸ್ಟಿಕ್ ಜಾಡಿ ಚೀಲದಲ್ಲಿತ್ತು. ಅದರಲ್ಲಿ ಎಷ್ಟು ಲೀಟರು ಹಿಡಿಯುತ್ತದೆ, ಗಡ್ಡೆ ಎಷ್ಟು, ಕೆಡದಂತೆ ಮುಳುಗಿಸಿಡಲು ಫಾರ್ಮಲಿನ್ ಎಷ್ಟು ಬೇಕು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಸರಿಯಾಗುತ್ತಿತ್ತು. ಉಳಿದ ಮಿಡಿಗಳನ್ನು ಬಾಳೆಲೆಗೆ ಸುರಿದು, ಜಾಡಿ ತಿಕ್ಕಿ ತೊಳೆದು ಕೊಟ್ಟೆ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಯಲ್ಲಾಪುರದ ಮೇಲೆ ಹೋದೆ. ಹುಬ್ಬಳ್ಳಿಯ ಲ್ಯಾಬಿನ ಕೌಂಟರಿನಲ್ಲಿದ್ದವನು ಮೂಸಿ ನೋಡಿ, "ಏನ್ರೀ ಸರ, ಉಪ್ಪಿನಕಾಯಿ ತಂದೀರೇನು? ರೊಟ್ಟಿ ಎಲ್ಲದಾವ್ರೀ?" ಅಂದಿದ್ದ. ಎಲ್ಲರೂ ಅಲ್ಲಿಗೆ ನಗುತ್ತಾರೆ. ಕತೆ ಅಲ್ಲಿಗೇ ಮುಗಿಯುತ್ತದೆ.

ಜಾಡಿ ಯಾಕೆ ವಾಪಸು ಬರಲಿಲ್ಲ ಎಂದು ನಾನೂ ಯೋಚಿಸಿರಲಿಲ್ಲ, ಕೇಳುವವರೂ ಕೇಳಿರಲಿಲ್ಲ.

ಆ ನರ್ಸಮ್ಮ ನಿವೃತ್ತರಾಗಿ ಅರಬೈಲಿನಲ್ಲಿ ಅಣ್ಣನ ಮನೆಯ ಪಕ್ಕ ಒಂದು ಸಣ್ಣ ಮನೆ ಕಟ್ಟಿಕೊಂಡಿದ್ದಾರೆ ಎಂದು ತಿಳಿಯಿತು. ಮಾರನೆಯ ಬೆಳಿಗ್ಗೆಯೇ ಹೊರಟು ಮಧ್ಯಾಹ್ನದ ಮೇಲೆ ತಲುಪಿದೆ. ಘಟ್ಟದ ರಸ್ತೆಯ ಲಾರಿಗಳ ಸದ್ದು ಅವರ ಜಗಲಿಯವರೆಗೂ ಕೇಳುತ್ತಿತ್ತು. ಪರಿಚಯ ಹೇಳಿಕೊಳ್ಳಲು ಬಾಯಿ ತೆರೆಯುವುದರೊಳಗೆ ಅವರು ಕೈ ತಟ್ಟಿದರು.

"ಓ, ಉಪ್ಪಿನಕಾಯಿ ಸರ್! ನಿಮ್ಮನ್ನ ಮರೆಯುದು ಹ್ಯಾಗೆ? ಬನ್ನಿ ಬನ್ನಿ, ಕೂತ್ಕೊಳ್ಳಿ. ಅಕ್ಕ ಆರಾಮಾ?"

ಅಕ್ಕನ ವಿಷಯ ಹೇಳಿದೆ. ಅವರು ನಗು ನಿಲ್ಲಿಸಿ ಒಳಗೆ ಹೋಗಿ ಕೋಕಂ ಪಾನಕ ತಂದುಕೊಟ್ಟರು. ಗಡ್ಡೆ ಟ್ರೇಯಲ್ಲಿ ಇದ್ದಾಗ ಇಡಿಯಾಗಿತ್ತೇ ಎಂದು ಕೇಳಿದೆ.

"ನನಗೆ ನೆನಪಿರುದು ಜಾಡಿ, ಸರ್. ಗಡ್ಡೆ ಅಂದ್ರೆ ವಾರಕ್ಕೊಂದು ನೋಡ್ತಿದ್ದೆ. ಉಪ್ಪಿನಕಾಯಿ ಜಾಡಿ ನೋಡಿದ್ದು ಅದೊಂದೇ."

"ಜಾಡಿಯದ್ದು ಏನು ನೆನಪಿದೆ?"

"ಅದರ ಬಾಯಿ ಸಣ್ಣ ಆಯ್ತಲ! ಹೊಟ್ಟೆ ದೊಡ್ಡದು, ಬಾಯಿ ಸಣ್ಣದು. ಇದರಲ್ಲಿ ಹೋಗುದಿಲ್ಲ, ಬೇರೆ ತನ್ನಿ ಅಂದೆ. ನೀವು ಗಡಿಯಾರ ನೋಡಿ, ಬಸ್ಸು ತಪ್ಪಿ ಹೋಗ್ತದೆ, ಹಿಡಿಸ್ತದೆ ಹಾಕಿ, ನಾ ಲೆಕ್ಕ ಮಾಡಿದ್ದೇನೆ ಅಂದ್ರಿ."

ನಾನು ಜಾಡಿಯ ಹೊಟ್ಟೆಯನ್ನು ಲೆಕ್ಕ ಮಾಡಿದ್ದೆ. ಬಾಯಿಯನ್ನು ನೋಡಿರಲೇ ಇಲ್ಲ.

"ಮತ್ತೆ ಹ್ಯಾಗೆ ಹೋಯ್ತು ಅದು?"

"ಒತ್ತಿ ಹಾಕಿದ್ದು. ಜಾಡಿ ಹಿಡ್ಕೊಂಡವ್ರು ನೀವು, ಒತ್ತಿದ್ದು ನಾನು." ಅವರು ಸ್ವಲ್ಪ ಹೊತ್ತು ತಮ್ಮ ಕೈಗಳನ್ನೇ ನೋಡಿಕೊಂಡರು. "ಅಥವಾ ನಾ ಹಿಡ್ಕೊಂಡು ನೀವು ಒತ್ತಿದ್ರೋ? ಹದಿನಾಲ್ಕು ವರ್ಷ ಆಯ್ತಲ ಸರ್. ಒಂದು ಹೇಳ್ತೆ, ಮೊದಲೇ ಒಡೆದಿದ್ರೆ ಒತ್ತುವ ಕೆಲಸ ಇರ್ತಿರಲಿಲ್ಲ. ಮೆತ್ತಗೆ ಜಾರಿ ಹೋಗ್ತಿತ್ತು. ಅಲ್ವಾ?"

ಆ "ಅಲ್ವಾ" ಹಿಡಿದುಕೊಂಡು ಬಸ್ಸು ಹತ್ತಿದೆ. ಸಂಜೆಯ ಬಿಸಿಲಿನಲ್ಲಿ ಘಟ್ಟ ಏರುತ್ತ ಒಂದು ವಿಚಿತ್ರ ಗಮನಕ್ಕೆ ಬಂತು. ಗಡ್ಡೆ ಜಾಡಿಯ ಬಾಯಲ್ಲಿ ಒಡೆದಿದ್ದರೆ ತಪ್ಪು ನನ್ನದು, ಆದರೆ ಅಕ್ಕನಿಗೆ ಅದರಿಂದ ಏನೂ ಕೇಡಿಲ್ಲ. ಆಗ ಅದು ಅವಳ ಹೊಟ್ಟೆಯಿಂದ ಹೊರಗಿತ್ತು. ಒಳಗೇ ಒಡೆದಿದ್ದರೆ ನನ್ನ ತಪ್ಪು ಏನೂ ಇಲ್ಲ, ಕೇಡು ಅವಳಿಗೆ. ಹಾಗಾಗಿ ನಾನೇ ಒಡೆದಿರಲಿ ಎಂದು ಮನಸ್ಸು ಜೋರಾಗಿ ಬಯಸುತ್ತಿತ್ತು. ಜಾಡಿಯ ಅಂಚಿನಲ್ಲಿ ಗಡ್ಡೆ ಸಿಕ್ಕಿಕೊಂಡದ್ದು, ನನ್ನ ಹೆಬ್ಬೆರಳಿನ ಕೆಳಗೆ ಏನೋ ಬಿರಿದದ್ದು ಆಗಲೇ ನೆನಪಾಗತೊಡಗಿತ್ತು. ಬೆಳಿಗ್ಗೆ ಇಲ್ಲದ ನೆನಪು ಸಂಜೆಗೆ ಹುಟ್ಟಿದರೆ ಅದನ್ನು ಸಾಕ್ಷಿ ಎಂದು ಹೇಗೆ ಒಪ್ಪುವುದು? ಎಂಟು ತಿಂಗಳನ್ನು ಬೆಳೆಸಿದ ಮಣ್ಣಲ್ಲವೇ ಇದು?

ಮುಂದಿನ ವಾರ ಹುಬ್ಬಳ್ಳಿಯ ಆ ಲ್ಯಾಬಿಗೆ ಹೋದೆ. ಅದು ಇನ್ನೂ ಇತ್ತು. ಕೌಂಟರಿನ ಹೆಂಗಸು ವರ್ಷ ಕೇಳಿ ಹುಬ್ಬೇರಿಸಿದರು.

"ಅಷ್ಟ ಹಳೇದಾ? ಕುಂದರ್ರೀ, ಗೋಡೌನಿನ್ಯಾಗ ನೋಡಸ್ತೀನಿ. ಇದ್ರ ನಿಮ್ಮ ದೈವ."

ಎರಡು ತಾಸು ಕೂತೆ. ದಪ್ಪ ರಟ್ಟಿನ ಒಂದು ಕಡತ ಬಂತು. ಅದರಲ್ಲಿ ಅಕ್ಕನ ವರದಿಯ ಕಾರ್ಬನ್ ಪ್ರತಿ. ನೀಲಿ ಅಕ್ಷರ ಮಾಸಿದ್ದರೂ ಓದಬಹುದಿತ್ತು. ಕಾಯಿಲೆಯ ಹೆಸರು, ಗಾತ್ರ, ತೂಕ ಎಲ್ಲ ಇತ್ತು. ಕೆಳಗೆ, ನಾನು ಹುಡುಕಿಕೊಂಡು ಬಂದ ಮಾತು. ಗಡ್ಡೆ ಬಾಯಿ ಕಿರಿದಾದ ಜಾಡಿಯಲ್ಲಿ ಇರುಕಿಕೊಂಡು ಬಂದಿದೆ, ಹೊರತೆಗೆಯಲು ಜಾಡಿಯನ್ನು ಕತ್ತರಿಸಬೇಕಾಯಿತು. ಹೊದಿಕೆ ಒಂದು ಕಡೆ ಹರಿದಿದೆ. ಹೊಟ್ಟೆಯೊಳಗೇ ಹರಿದದ್ದೋ ಹೊರಬಂದ ಮೇಲೆ ಹರಿದದ್ದೋ ಹೇಳಲಾಗುವುದಿಲ್ಲ.

ಅಷ್ಟೇ. ಹದಿನಾಲ್ಕು ವರ್ಷದ ಹಿಂದೆ, ಎಲ್ಲರ ನೆನಪೂ ಹಸಿಯಾಗಿದ್ದಾಗಲೇ, ಉತ್ತರ ಸಿಗದಂತೆ ಮಾಡಿ ಇಟ್ಟಿದ್ದೆ. ಈ ಕಾಗದವನ್ನು ಆಗ ನಾನೇ ಕೈಯಾರೆ ತಂದು ಓದಿರಬೇಕು. ಓದಿದ್ದು ನೆನಪಿಲ್ಲ. ರೊಟ್ಟಿಯ ತಮಾಷೆ ಅಕ್ಷರ ಬಿಡದಂತೆ ನೆನಪಿದೆ.

ಅದೇ ಮಧ್ಯಾಹ್ನ ಡಾಕ್ಟರನ್ನು ಕಂಡು ವರದಿ ಕೊಟ್ಟೆ. "ನಾನು ಹೇಳಿದ್ದು ತಪ್ಪು. ಮೂರು ತಿಂಗಳು ಅಂತ ಬರೆಯಿರಿ. ಇಡಿಯಾಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗದ ಹಾಗೆ ಮಾಡಿದವನು ನಾನು."

ಅವರು ಜಾಡಿಯ ಕತೆ ಕೇಳಿ ನಗಲಿಲ್ಲ. ಕಂಪ್ಯೂಟರಿನಲ್ಲಿ ನನ್ನ ಮೊದಲ ಉತ್ತರವನ್ನು ಅಳಿಸಿದರು. "ಗೊತ್ತಿಲ್ಲ ಅಂತ ಹಾಕ್ತೀನ್ರೀ. ಹರಿದಿತ್ತು ಅಂತ ತಿಳಕೊಂಡ ಹುಡುಕ್ತೀನಿ."

ಅಕ್ಕನಿಗೆ ಹೇಳುವುದು ಉಳಿದಿತ್ತು. ಆಪರೇಶನ್ನಿನ ಹಿಂದಿನ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಮಂಚದ ಮೇಲೆ ಕೂತು ಅವಳು ತಲೆ ಬಾಚುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಬಾಚಣಿಗೆ ನಿಂತಿತು.

"ಹಂಗಾರೆ ಯನ್ನ ಜಾಡಿ ಕತ್ತರ್ಸಿದ್ವಾ?"

"ಹೌದು."

"ಹದಿನಾಲ್ಕು ವರ್ಷ ನೀನು ಬಸ್ಸಲ್ಲಿ ಬಿಟ್ಟಿಕ್ಕಿ ಬಂದೆ ಹೇಳಿ ತಿಳ್ಕಂಡಿದ್ದಿ ಆನು." ಮತ್ತೆ ಬಾಚತೊಡಗಿದಳು. ನಾನು ಗಡ್ಡೆಯ ಮಾತಿಗೆ ಕಾಯುತ್ತಿದ್ದೆ. "ಅದು ಒಳಗೇ ಒಡೆದಿದ್ರೆ ಕಷ್ಟ, ನಿನ್ನ ಕೈಯಲ್ಲಿ ಒಡೆದಿದ್ರೆ ಅಡ್ಡಿಲ್ಲೆ. ಹಂಗೇ ಅಲ್ದಾ?"

"ಹಂಗೇಯ."

"ಹಂಗಾರೆ ನೀನೇ ಒಡದ್ದು ಹೇಳಿ ಇಟ್ಕಳ. ಸಣ್ಣಿದ್ದಾಗಿಂದ ಎಂತ ಕೊಟ್ರೂ ಒಡೀತಿದ್ದೆ."

"ಇಟ್ಕಂಬಲೆ ಬತ್ತಿಲ್ಲೆ ಅಕ್ಕಾ. ಯಂಗೆ ಗೊತ್ತಿಲ್ಲೆ."

ಅವಳು ನನ್ನನ್ನು ನೋಡಿದಳು. "ಗೊತ್ತಿಲ್ಲೆ ಹೇಳಲೆ ಕಲಿತ್ಯಲ ತಮಾ, ಅರವತ್ತನೇ ವರ್ಷಕ್ಕೆ. ಡಾಕ್ಟರಿಗೂ ಇದನ್ನೇ ಹೇಳಿದ್ಯಾ?"

"ಹೇಳಿದ್ದಿ."

"ಸಾಕು."

ಮರುದಿನ ಹತ್ತು ಗಂಟೆಗೆ ಒಳಗೆ ಕರೆದುಕೊಂಡು ಹೋದವರು ಎರಡೂವರೆಗೆ ಬಾಗಿಲು ತೆರೆದರು. ಭಾವ ಮೊದಲೇ ಬೆಂಚಿನ ಮೇಲೆ ಮಲಗಿದ್ದರಿಂದ ನಾನು ಹೋದೆ. ಡಾಕ್ಟರು ತಾವೇ ಟ್ರೇ ತೋರಿಸಿದರು. ನಿಂಬೆಹಣ್ಣಿನಷ್ಟು ದೊಡ್ಡ ಗಂಟು, ಇಡಿಯಾದದ್ದು. ಅದರ ಪಕ್ಕದಲ್ಲಿ ತೊಗರಿಬೇಳೆಯಷ್ಟು ಚಿಕ್ಕದು ಇನ್ನೊಂದು.

"ಇದು ಸ್ಕ್ಯಾನಿನ್ಯಾಗ ಕಂಡಿದ್ದಿಲ್ರೀ. ಕರುಳಿನ ಹಿಂದ ಕುಂತಿತ್ತು. ಕಣ್ಣಿಗೆ ಕಾಣೂದು ಬ್ಯಾರೆ ಏನೂ ಉಳಿದಿಲ್ಲ."

"ನಾನು ಬಂದು ಹೇಳದೇ ಇದ್ದಿದ್ದರೆ ಅಲ್ಲಿ ನೋಡುತ್ತಿದ್ದಿರಾ?"

"ನೋಡ್ತಿದ್ದೆ," ಅಂದರು ಥಟ್ಟನೆ. ಆಮೇಲೆ ಮುಖದ ಮಾಸ್ಕು ಕೆಳಗೆ ಎಳೆದರು. "ನೋಡ್ತಿದ್ದೆ ಅಂತ ಅನ್ಕೊಂಡೀನ್ರೀ."

ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತು, ಜೇಬಿನಲ್ಲಿದ್ದ ನೋಟ್‌ಬುಕ್ಕಿನಲ್ಲಿ ನೋಡಿದ್ದನ್ನೆಲ್ಲ ಸಮಯ ಹಾಕಿ ಬರೆದೆ. ಯಾರಿಗೂ ಕತೆ ಹೇಳುವುದಕ್ಕೆ ಮೊದಲೇ ಬರೆದೆ.

ಮೂರನೆಯ ದಿನ ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. "ಯಾವ್ದರಲ್ಲಿ ಹಾಕಿ ಕಳ್ಸಿದ್ವೋ ಈ ಸಲ?" ಎಂದಳು.

"ಅವರದೇ ಡಬ್ಬಿ. ಬಾಯಿ ಅಗಲ ಇತ್ತು. ಆನು ಮುಟ್ಟಿದ್ನಿಲ್ಲೆ."

"ನೋಡಿದ್ಯಲಾ? ಹೆಂಗಿತ್ತು?"

ನೀಲಿ ಪ್ಲಾಸ್ಟಿಕ್ ಟ್ರೇಯಲ್ಲಿ ಎರಡು ಇದ್ದವು ಎಂದು ಹೇಳಲು ಹೊರಟು, ನೋಟ್‌ಬುಕ್ಕು ತೆಗೆದೆ. ಸ್ಟೀಲ್ ಟ್ರೇ ಎಂದು ಬರೆದಿತ್ತು. ನನ್ನದೇ ಅಕ್ಷರ. ಬರೆದದ್ದನ್ನೇ ಓದಿ ಹೇಳಿದೆ. ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ವರ್ಷಕ್ಕೊಂದು ಸ್ಕ್ಯಾನ್, ಈ ಸಲ ಐದು ವರ್ಷಕ್ಕೆ ನಿಲ್ಲಿಸುವಂತಿಲ್ಲ ಎಂದು ಡಾಕ್ಟರು ಹೇಳಿದ್ದನ್ನೂ ಓದಿದೆ. ಮೊದಲ ಪರೀಕ್ಷೆಯ ತಾರೀಕು ಹೇಳಿದೆ.

"ತಾರೀಕು ನೀ ಇಟ್ಕ. ಯಂಗೆ ಅದು ಚೌತಿ ಕಳದ್ದರ ಮರುವಾರ," ಎಂದಳು ಅಕ್ಕ.

ಅದನ್ನೂ ತಾರೀಕಿನ ಪಕ್ಕದಲ್ಲಿ ಬರೆದುಕೊಂಡೆ.